ಪ್ರಭಾರ ದೇವರಿಗೆ ಕೊಟ್ಟ ದನಿ

ಮೊನ್ನೆ ಬ್ಯಾಂಕಿನ ತರಬೇತಿಗೆಂದು ತಿರುವನಂತಪುರಕ್ಕೆ ಹೊರಟವಳು ಎರ್ನಾಕುಳಂ ಟೌನ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ಕೂತಿದ್ದೆ. ಹೊರಗೆ ಜೂನ್ ತಿಂಗಳ ಮಳೆ. ಎದುರು ಸೀಟಿನ ಹೆಂಗಸು ಫ್ಲಾಸ್ಕಿನ ಮುಚ್ಚಳ ತಿರುಗಿಸಿದಳು. ಒಣಶುಂಠಿ, ಕಾಳುಮೆಣಸು, ಬೆಲ್ಲ ಹಾಕಿ ಕುದಿಸಿದ ಚುಕ್ಕುಕಾಪಿಯ ಘಾಟು ಮೂಗಿಗೆ ಹೊಡೆಯಿತು. "ಕುಡಿಕ್ಕುನ್ನೋ ಚೇಚ್ಚೀ?" ಎಂದು ಆಕೆ ಸೌಜನ್ಯಕ್ಕೆ ಮುಚ್ಚಳ ಚಾಚಿದಳು. ಬೇಡವೆಂದು ತಲೆಯಾಡಿಸಿ ಎದ್ದು ಹೋಗಿ ಬಾಗಿಲ ಬಳಿ ನಿಂತೆ. ಕೊಲ್ಲಂ ದಾಟುವವರೆಗೂ ಒಳಗೆ ಬರಲಿಲ್ಲ.

ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ ಇದೇ ರೈಲಿನಲ್ಲಿ, ಪ್ರತಿ ಶನಿವಾರ, ಅಂಥದೇ ಒಂದು ಫ್ಲಾಸ್ಕು ನನ್ನ ಮಡಿಲಲ್ಲಿ ಇರುತ್ತಿತ್ತು. ಪಕ್ಕದಲ್ಲಿ ಮಾಧವ ಇರುತ್ತಿದ್ದರು. ಅವರ ಗಂಟಲಿಗೆಂದು ನಾನೇ ಕುದಿಸಿ ತರುತ್ತಿದ್ದ ಕಷಾಯ ಅದು. ಒಂದು ತಮಾಷೆಯ ಸಿನಿಮಾಕ್ಕೆ ಆ ಗಂಟಲು ಬೇಕಾಗಿತ್ತು.

ಮಾಧವ ನನ್ನ ಗಂಡ. ಊರು ಕಾಸರಗೋಡಿನ ಬದಿಯಡ್ಕ. ಏಲೂರಿನ ಒಂದು ಕಾರ್ಖಾನೆಯ ಸುರಕ್ಷತಾ ವಿಭಾಗದಲ್ಲಿ ಕೆಲಸ. ಅಲ್ಲಿಯ ಧ್ವನಿವರ್ಧಕದಲ್ಲಿ ಕೇಳುತ್ತಿದ್ದದ್ದು ಅವರ ದನಿಯೇ. ಸೈರನ್ ಆದ ಮೇಲೆ ಯಾರು ಯಾವ ಗೇಟಿಗೆ ಹೋಗಬೇಕು, ಗಾಳಿ ಯಾವ ಕಡೆ ಬೀಸುತ್ತಿದೆ, ಇದು ನಿಜವೋ ಅಭ್ಯಾಸವೋ ಎಂಬುದನ್ನೆಲ್ಲ ಮಲಯಾಳದಲ್ಲೂ ಹಿಂದಿಯಲ್ಲೂ ಹೇಳುವವರು ಅವರು. ತುಂಬಿದ, ಸ್ವಲ್ಪವೂ ಅವಸರವಿಲ್ಲದ ದನಿ. ಆ ದನಿ ಕೇಳಿದರೆ ನಿಜವಾದ ಗ್ಯಾಸ್ ಸೋರಿದರೂ ಜನ ಚಹಾ ಮುಗಿಸಿಯೇ ಏಳುತ್ತಾರೆ ಎಂದು ಅವರ ಸಹೋದ್ಯೋಗಿಗಳು ನಗುತ್ತಿದ್ದರು. ನಾನು ಮೈಸೂರಿನವಳು. ಮದುವೆಯಾದ ಮೇಲೆ ಕೊಚ್ಚಿಗೆ ವರ್ಗ ಕೇಳಿಕೊಂಡು ಬಂದು ಇಲ್ಲೇ ಉಳಿದೆ. ಮಗಳು ಅನಘ ಹುಟ್ಟಿದ್ದು, ಬೆಳೆದದ್ದು ಕಳಮಶ್ಶೇರಿಯಲ್ಲಿ. ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಮಲಯಾಳದಲ್ಲಿ ಉತ್ತರಿಸುತ್ತಿದ್ದಳು. ನಾನು ಅದನ್ನು ಒಪ್ಪಿಕೊಂಡುಬಿಟ್ಟಿದ್ದೆ. ಮಾಧವ ಒಪ್ಪಿರಲಿಲ್ಲ. "ಕನ್ನಡದಲ್ಲಿ ಹೇಳು, ಮತ್ತೆ ಕೇಳ್ತೇನೆ" ಎಂದು ಊಟದ ತಟ್ಟೆಯ ಮುಂದೆ ಹಟ ಹಿಡಿದು ಕೂರುತ್ತಿದ್ದರು.

ಆ ಜೂನ್ ತಿಂಗಳ ಒಂದು ಭಾನುವಾರ ಶಾಜಿ ಎಂಬಾತ ಮನೆಗೆ ಬಂದ. ತಿರುವನಂತಪುರದಲ್ಲಿ ಡಬ್ಬಿಂಗ್ ಸ್ಟುಡಿಯೋ ನಡೆಸುವವನು. ಅವನ ಭಾವ ಮಾಧವನ ಜೊತೆ ಕೆಲಸದಲ್ಲಿದ್ದ. ಕಾರ್ಖಾನೆಯ ಓಣಂ ಕಾರ್ಯಕ್ರಮದಲ್ಲಿ ಮಾಧವ ಮೈಕು ಹಿಡಿದು ಜನರನ್ನು ನಗಿಸುವುದನ್ನು ಆ ಭಾವ ನೋಡಿದ್ದ. ಶಾಜಿಯ ಕೈಯಲ್ಲಿ ಒಂದು ಮಲಯಾಳ ಸಿನಿಮಾ ಇತ್ತು. ಕನ್ನಡಕ್ಕೆ ದನಿ ಕೂಡಿಸಬೇಕು, ಬೆಂಗಳೂರಿನ ಕಲಾವಿದರು ದಿನ ಕೊಡುತ್ತಿಲ್ಲ, ಓಣಂ ಹೊತ್ತಿಗೆ ಮುಗಿಯಬೇಕು ಎಂದ.

ಕಥೆ ಹೇಳುವಾಗಲೇ ನಾವು ಮೂವರೂ ನಕ್ಕೆವು. ಸೆಕ್ರೆಟೇರಿಯಟ್ಟಿನಲ್ಲಿ ಸುಗುಣನ್ ಎಂಬ ಒಬ್ಬ ಲಿಫ್ಟ್ ಆಪರೇಟರ್. ಒಂದು ದಿನ ದೇವರು ಯಾವುದೋ ಅರ್ಜಿಯ ಗತಿ ವಿಚಾರಿಸಲು ಮಾರುವೇಷದಲ್ಲಿ ಬಂದು ಲಿಫ್ಟ್ ಹತ್ತುತ್ತಾನೆ. ಮೂರನೇ ಮತ್ತು ನಾಲ್ಕನೇ ಮಹಡಿಯ ನಡುವೆ ಲಿಫ್ಟ್ ನಿಂತುಬಿಡುತ್ತದೆ. ಸರ್ವಶಕ್ತನಿಗೂ ಸರ್ಕಾರಿ ಲಿಫ್ಟ್ ಅಲ್ಲಾಡಿಸಲು ಆಗುವುದಿಲ್ಲ. ಬೇಸತ್ತ ದೇವರು ತನ್ನ ಅಧಿಕಾರವನ್ನು ಸುಗುಣನಿಗೆ ವಹಿಸಿ ರಜೆಯ ಮೇಲೆ ಹೋಗುತ್ತಾನೆ. ಅಲ್ಲಿಂದ ಸುಗುಣನ ಬಾಯಿಂದ ಬಂದ ಮಾತೆಲ್ಲ ನಿಜವಾಗತೊಡಗುತ್ತದೆ. ಹಾಳಾಗಿ ಹೋಗು ಎಂದರೆ ಹಾಳು, ನಾಳೆ ಬಾ ಎಂದರೆ ನಾಳೆಯೇ ಎದುರಿಗೆ ಬಂದು ನಿಲ್ಲುತ್ತದೆ.

"ಕನ್ನಡದಲ್ಲಿ ಬರೆಯುವವರು ಯಾರಾದರೂ ಇದ್ದಾರೆಯೇ?" ಎಂದು ಶಾಜಿ ಕೇಳಿದ. ಮಾಧವ ನನ್ನ ಕಡೆ ಕೈ ತೋರಿಸಿದರು. "ಇವಳುಂಟಲ್ಲ. ಇಪ್ಪತ್ತು ವರ್ಷದಿಂದ ಕಥೆ ಬರೀತಾಳೆ. ಪತ್ರಿಕೆಯವರಿಗೆ ಮಾತ್ರ ಗೊತ್ತು, ಅವರೇ ವಾಪಸು ಕಳಿಸ್ತಾರೆ."

ಆ ಮಾತಿಗೆ ನಾನು ಸಿಟ್ಟಾಗಬೇಕಿತ್ತು. ಆಗಲಿಲ್ಲ. ಪರದೆಯ ಮೇಲೆ "ಸಂಭಾಷಣೆ" ಎಂಬ ಪದದ ಮುಂದೆ ನನ್ನ ಹೆಸರು ಬರುತ್ತದೆ ಎಂದು ಶಾಜಿ ಹೇಳಿದ ಕ್ಷಣದಿಂದ ನನಗೆ ಬೇರೇನೂ ಕೇಳಿಸುತ್ತಿರಲಿಲ್ಲ.

ಚಿತ್ರಕ್ಕೆ "ಪ್ರಭಾರ ದೇವರು" ಎಂದು ಹೆಸರಿಟ್ಟವಳೂ ನಾನೇ. ಸಂಜೆ ಬ್ಯಾಂಕಿನಿಂದ ಬಂದವಳೇ ಲ್ಯಾಪ್‌ಟಾಪಿನ ಮುಂದೆ ಕೂರುತ್ತಿದ್ದೆ. ಮಾತಿಗೆ ಅರ್ಥ ಸಿಕ್ಕಿದರೆ ಸಾಲದು. ಆ ನಟ ತುಟಿ ಮುಚ್ಚುವಲ್ಲಿ ನಮ್ಮ ಮಾತಿನಲ್ಲೂ ಪ, ಬ, ಮ ಬರಬೇಕು. ಅವನು ಬಾಯಿ ತೆರೆದಿರುವಾಗ ನಾವು ಮುಗಿಸುವಂತಿಲ್ಲ. ಮಾಧವ ಟಿವಿಯ ಪಕ್ಕ ನಿಂತು ನಾನು ಬರೆದದ್ದನ್ನು ಹೇಳಿ ನೋಡುತ್ತಿದ್ದರು. ಮಂತ್ರಿ ಬಂದು ಮಳೆ ಕೇಳುವ ಒಂದು ದೃಶ್ಯವಿತ್ತು. ಮೂರು ದಿನ ಒದ್ದಾಡಿದ ಮೇಲೆ "ಮಳೆ ನನ್ನ ಸೆಕ್ಷನ್ ಅಲ್ಲ ಸಾರ್, ಮೇಲಿನ ಮಹಡಿ" ಎಂದು ಬರೆದೆ. ಮಾಧವ ಅದನ್ನು ಕಾರ್ಖಾನೆಯ ಘೋಷಣೆಯ ದನಿಯಲ್ಲೇ, ಮುಖದ ಒಂದು ಗೆರೆಯೂ ಕದಲಿಸದೆ ಹೇಳಿದಾಗ ಅನಘ ಸೋಫಾದಿಂದ ಉರುಳಿಬಿದ್ದು ನಕ್ಕಳು. "ಅಪ್ಪಾ, ಒನ್ನುಕೂಡಿ!" ಎಂದಳು. "ಇನ್ನೊಮ್ಮೆ ಅಂತ ಕನ್ನಡದಲ್ಲಿ ಹೇಳು, ಹೇಳ್ತೇನೆ" ಎಂದರು ಮಾಧವ. "ಇನ್ನೊಮ್ಮೆ" ಎಂದಳು.

ನಮ್ಮ ಮದುವೆಯಲ್ಲಿ ಅಂಥ ಕಾಲ ಅದಕ್ಕೆ ಮುಂಚೆ ಇರಲಿಲ್ಲ. ಜಗಳವಿತ್ತೆಂದಲ್ಲ. ಅವರಿಗೆ ಪಾಳಿ, ನನಗೆ ಬ್ಯಾಂಕು, ಫ್ರಿಡ್ಜಿನ ಮೇಲೆ ಒಬ್ಬರಿಗೊಬ್ಬರು ಅಂಟಿಸಿದ ಚೀಟಿಗಳು. ಆ ಮಳೆಗಾಲದಲ್ಲಿ ಶನಿವಾರ ನಸುಕಿಗೆ ಎದ್ದು, ಅನಘಳನ್ನು ಪಕ್ಕದ ಮನೆಯ ಲತಾಚೇಚ್ಚಿಗೆ ಒಪ್ಪಿಸಿ, ರೈಲು ಹತ್ತಿ, ಹರೆಯದವರಂತೆ ಹೆಗಲಿಗೆ ಹೆಗಲು ತಾಗಿಸಿ ಕೂತು ಹೋಗುತ್ತಿದ್ದೆವು. ಸ್ಟುಡಿಯೋದಲ್ಲಿ ಅವರು ಗಾಜಿನ ಆಚೆ, ನಾನು ಈಚೆ ಶಾಜಿಯ ಪಕ್ಕ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ಅವರ ಉಸಿರು ಕೂಡ ನನ್ನ ಕಿವಿಯೊಳಗೇ ಕೇಳುತ್ತಿತ್ತು.

ಆ ಉಸಿರಿನ ಜೊತೆ ಒಂದು ಕರಕರ ಶಬ್ದವೂ ಇತ್ತು. ಮೇ ತಿಂಗಳಿಂದಲೇ ಅವರ ದನಿ ಸ್ವಲ್ಪ ಒಡೆದಿತ್ತು. ನೆಗಡಿ ಎಂದುಕೊಂಡಿದ್ದೆವು. ಶಾಜಿಗೆ ಅದು ಹಿಡಿಸಿಬಿಟ್ಟಿತು. "ಆ ಕರಕರಪ್ಪ್ ವಿಡರುದ್ ಚೇಟ್ಟಾ" ಎಂದ, ಆ ಒಡಕನ್ನು ಬಿಡಬೇಡಿ, ಸುಗುಣನಿಗೆ ಅದೇ ಸರಿ ಎಂದು. ಮೂರನೇ ವಾರ ಮಾಧವನ ದನಿ ಸ್ವಲ್ಪ ತಿಳಿಯಾಗಿ ಬಂದಾಗ ಅವನ ಮುಖ ಸಪ್ಪಗಾಯಿತು. ಎರಡು ಸಲ ಜೋರಾಗಿ ಕೆಮ್ಮಿಸಿ ಆಮೇಲೆ ಶುರುಮಾಡಿಸಿದ. ನಾನು ಪಕ್ಕದಲ್ಲೇ ಕೂತಿದ್ದೆ. ನಗುತ್ತಿದ್ದೆ.

ಜುಲೈ ಮೊದಲ ವಾರ ಕೊಚ್ಚಿಯಲ್ಲಿ ಗಂಟಲಿನ ಡಾಕ್ಟರಿಗೆ ತೋರಿಸಿದೆವು. ಹೆಂಗಸು, ಮಿತಭಾಷಿ. ಕನ್ನಡಿ ಹಿಡಿದು ನೋಡಿ, ಸ್ವರತಂತುವಿನ ಮೇಲೆ ಏನೋ ಇದೆ, ಅರಿವಳಿಕೆ ಕೊಟ್ಟು ಒಳಗೆ ನೋಡಿ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದರು. ಮುಂದಿನ ಶನಿವಾರಕ್ಕೆ ಹೆಸರು ಬರೆಸಿದರು. ಅದಾದ ಮೇಲೆ ಕೆಲವು ವಾರ ಮಾತಾಡುವಂತಿಲ್ಲ. "ಗಾಬರಿ ಬೇಡ, ಆದರೆ ತಡ ಮಾಡಬೇಡಿ" ಎಂದದ್ದು ನನಗೆ ಚೆನ್ನಾಗಿ ನೆನಪಿದೆ. ಮಲಯಾಳದಲ್ಲಿ ಒಮ್ಮೆ, ಇಂಗ್ಲಿಷಿನಲ್ಲಿ ಒಮ್ಮೆ ಹೇಳಿದರು.

ಚಿತ್ರ ಅರ್ಧಕ್ಕೆ ಬಂದಿತ್ತು. ಕೆಲವು ವಾರ ಎಂದರೆ ಶಾಜಿ ಬೇರೆ ದನಿ ಹುಡುಕುತ್ತಾನೆ. ಬೇರೆ ದನಿ ಬಂದರೆ ಅದರ ಹಿಂದೆಯೇ ಬೇರೆ ಬರಹಗಾರರೂ ಬರಬಹುದು. ಗುರುವಾರ ಮಧ್ಯಾಹ್ನ ಬ್ಯಾಂಕಿನ ಲಾಕರ್ ಕೋಣೆಯ ಪಕ್ಕದ ಓಣಿಯಲ್ಲಿ ನಿಂತು ಆಸ್ಪತ್ರೆಗೆ ಫೋನ್ ಮಾಡಿ ಶನಿವಾರದ್ದನ್ನು ರದ್ದು ಮಾಡಿಸಿದೆ. ಸಂಜೆ ಮಾಧವನಿಗೆ, "ಡಾಕ್ಟರು ರಜೆ ಹೋಗ್ತಾರಂತೆ, ಓಣಂ ಆದ ಮೇಲೆ ಬನ್ನಿ ಅಂದ್ರು" ಎಂದೆ.

"ಹಾಗಾ?" ಎಂದರು. "ಒಳ್ಳೇದೇ ಆಯ್ತು. ಅಷ್ಟರಲ್ಲಿ ಇದು ಮುಗೀತದೆ."

ಸುಳ್ಳು ಹೇಳುವುದು ಅಷ್ಟು ಸಲೀಸಾದ ಕೆಲಸ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆಗಸ್ಟಿನ ಒಂದು ಶನಿವಾರ ಕೆಲಸ ಬೇಗ ಮುಗಿದು ವಿಳಿಂಜಕ್ಕೆ ಹೋದೆವು. ಮಳೆ ಬಿಟ್ಟಿತ್ತು. ಮೀನುದೋಣಿಗಳ ಸಾಲು, ಬಲೆ ಹೊಲಿಯುತ್ತ ಕೂತ ಗಂಡಸರು, ಆಚೆ ಹೊಸ ಬಂದರಿನ ಎತ್ತರದ ಕ್ರೇನುಗಳು. ಮಾಧವ ಕಲ್ಲಿನ ಕಟ್ಟೆಯ ತುದಿಗೆ ಹೋಗಿ ನಿಂತು, ಕೈ ಎತ್ತಿ, ಸಮುದ್ರಕ್ಕೆ ಸುಗುಣನ ಮಾತು ಕೂಗಿದರು. "ಏಯ್, ಹಿಂದೆ ಸರಿ! ಲಿಫ್ಟ್ ಫುಲ್ ಆಗಿದೆ!" ಬಲೆ ಹೊಲಿಯುವವರು ತಲೆಯೆತ್ತಿ ನಕ್ಕರು. ಎರಡನೇ ಸಲ ಕೂಗಿದಾಗ ಬಾಯಿ ತೆರೆಯಿತು, ದನಿ ಹೊರಡಲಿಲ್ಲ. ಗಾಳಿ ಮಾತ್ರ ಬಂತು. ಅವರು ನನ್ನ ಕಡೆ ತಿರುಗಿ, ಬರಿಗೈ ತೋರಿಸಿ, ಅಧಿಕಾರ ಹೋಯಿತು ಎಂಬಂತೆ ಮುಖ ಮಾಡಿದರು. ಅದನ್ನೂ ನಟನೆ ಎಂದುಕೊಂಡು ನಾನು ಹೊಟ್ಟೆ ಹಿಡಿದು ನಕ್ಕೆ. ಆಮೇಲೆ ಕರವಸ್ತ್ರಕ್ಕೆ ಉಗುಳಿ ಅದನ್ನು ಮಡಚಿ ಕಿಸೆಗಿಟ್ಟರು. ಏನೆಂದು ನಾನು ಕೇಳಲಿಲ್ಲ.

ಓಣಂಗೆ ಒಂದು ವಾರ ಇರುವಾಗ ಕೊನೆಯ ಶನಿವಾರ. ಉಳಿದದ್ದು ಹತ್ತು ನಿಮಿಷದ ಭಾಗ. ಸುಗುಣನ್ ಅದೇ ಲಿಫ್ಟಿನಲ್ಲಿ ನಿಂತು, ದೇವರಿಗೆ ಅಧಿಕಾರ ವಾಪಸು ಒಪ್ಪಿಸುವ ದೃಶ್ಯ. ನಗಿಸುತ್ತ ನಗಿಸುತ್ತ ಅಳಿಸುವ ಜಾಗ. ಅದನ್ನು ನಾನು ಹನ್ನೊಂದು ಸಲ ತಿದ್ದಿ ಬರೆದಿದ್ದೆ. ಸ್ಟುಡಿಯೋದ ಎರಡು ಮೆಟ್ಟಿಲಸಾಲು ಹತ್ತುವಷ್ಟರಲ್ಲಿ ಮಾಧವ ಗೋಡೆ ಹಿಡಿದು ನಿಂತರು. ಉಸಿರು ಎಳೆದುಕೊಂಡಾಗ ಸೀಟಿಯಂತೆ ಶಬ್ದ. ಗಾಜಿನ ಆಚೆ ಹೋಗಿ ಮೈಕಿನ ಮುಂದೆ ನಿಂತರು, "ತಗೊಳ್ಳಿ ಸ್ವಾಮೀ" ಎಂಬ ಮೊದಲ ಎರಡು ಪದ ಹೇಳಿದರು. ನನ್ನ ಹೆಡ್‌ಫೋನಿನಲ್ಲಿ ಅವರು ಉಸಿರಿಗೆ ಒದ್ದಾಡುವುದು ಕೇಳಿಸಿತು. ಶಾಜಿ "ಒನ್ನುಕೂಡಿ" ಎಂದು ಬೆರಳೆತ್ತಿದ. ನಾನು ಹೆಡ್‌ಫೋನ್ ಕಿತ್ತೆಸೆದು ಒಳಗೆ ಓಡಿದೆ.

ಅಲ್ಲಿಂದ ನೇರ ತಿರುವನಂತಪುರದ ದೊಡ್ಡ ಆಸ್ಪತ್ರೆ. ಗಡ್ಡೆ ಧ್ವನಿಪೆಟ್ಟಿಗೆಯನ್ನೆಲ್ಲ ತುಂಬಿಕೊಂಡಿತ್ತು. ಪೂರ್ತಿ ತೆಗೆಯಬೇಕು, ಇನ್ನು ಮೇಲೆ ಉಸಿರಾಟ ಕತ್ತಿನ ರಂಧ್ರದಿಂದ, ಮಾತು ಇರುವುದಿಲ್ಲ. ವಿವರಿಸಿದ ಸರ್ಜನ್ನನ್ನು ನಾನು ಒಂದೇ ಪ್ರಶ್ನೆ ಕೇಳಿದೆ. ಎರಡು ತಿಂಗಳ ಹಿಂದೆ ಬಂದಿದ್ದರೆ? ಅವರು ಸ್ವಲ್ಪ ಹೊತ್ತು ಕಡತ ನೋಡಿದರು. "ರೇಡಿಯೇಷನ್ನಿನಲ್ಲೇ ಹೋಗುತ್ತಿತ್ತೇನೋ. ಹೋಗದೆಯೂ ಇರಬಹುದಿತ್ತು. ಈಗ ಅದನ್ನು ಯಾರೂ ಹೇಳಲಾರರು." ನನಗೆ ಕೊಟ್ಟ ಶಿಕ್ಷೆ ಅದು. ಹೌದು ಎಂದಿದ್ದರೆ ಒಂದು ಥರ ಬದುಕುತ್ತಿದ್ದೆ, ಇಲ್ಲ ಎಂದಿದ್ದರೆ ಇನ್ನೊಂದು ಥರ.

ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಸಂಜೆ ವಾರ್ಡಿನ ಕಿಟಕಿಯ ಬಳಿ ಕೂತಿದ್ದೆವು. ಕೆಳಗೆ ಆಸ್ಪತ್ರೆಯವರು ಹೂವಿನ ರಂಗೋಲಿ ಹಾಕುತ್ತಿದ್ದರು. ಮಾಧವನಿಗೆ ಪಿಸುಮಾತಿನಷ್ಟು ದನಿ ಉಳಿದಿತ್ತು. ಈಗ ಹೇಳದಿದ್ದರೆ ಅವರು ಬಾಯಿಬಿಟ್ಟು ಬೈಯಲೂ ಆಗುವುದಿಲ್ಲವಲ್ಲ ಎನಿಸಿ ಎಲ್ಲ ಹೇಳಿದೆ. ಡಾಕ್ಟರು ರಜೆ ಹೋಗಿರಲಿಲ್ಲ, ರದ್ದು ಮಾಡಿಸಿದವಳು ನಾನೇ ಎಂದೆ.

ಅವರು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. "ಗೊತ್ತಿತ್ತು" ಎಂದರು. "ನೀನು ರದ್ದು ಮಾಡಿದ ಮೆಸೇಜು ನನ್ನ ಫೋನಿಗೇ ಬಂತಲ್ಲ ಮಾರಾಯ್ತಿ. ನಂಬರು ನನ್ನದೇ ಕೊಟ್ಟದ್ದು."

"ಮತ್ತೆ ಯಾಕೆ ಸುಮ್ಮನಿದ್ರಿ?"

"ನಂಗೂ ಅದೇ ಬೇಕಿತ್ತು." ಉಸಿರಿಗೆ ನಿಂತು, ಮತ್ತೆ ಹೇಳಿದರು. "ಇಷ್ಟು ವರ್ಷ ಮೈಕಿನಲ್ಲಿ ಓಡಿ, ಓಡಿ ಅಂತ ಹೇಳಿದ್ದೇ ಆಯ್ತು. ಒಮ್ಮೆ ಆದ್ರೂ ಟಾಕೀಸಿನಲ್ಲಿ ಕೂತ ಜನರನ್ನ ನಗಿಸ್ಬೇಕು ಅಂತ ಇತ್ತು."

ಬೇರೆ ಯಾರಾದರೂ ಆಗಿದ್ದರೆ ಆ ಮಾತಿನಿಂದ ಹಗುರಾಗುತ್ತಿದ್ದರೋ ಏನೋ. ನನಗೆ ಅವರ ಮೇಲೆಯೇ ಕೋಪ ಬಂತು. ಎರಡು ತಿಂಗಳು ನಾನೊಬ್ಬಳೇ ಹೊತ್ತು ಬಳಲಿದ್ದನ್ನು ಅವರು ಪಕ್ಕದಲ್ಲೇ ಕೂತು, ಚುಕ್ಕುಕಾಪಿ ಹೀರುತ್ತ ನೋಡಿದ್ದರು. ಗೊತ್ತಿದ್ದೂ ಸುಮ್ಮನಿದ್ದವರ ಹತ್ತಿರ ಕ್ಷಮೆ ಕೇಳುವುದಾದರೂ ಹೇಗೆ? ಕೇಳಲಿಲ್ಲ. ಮರುದಿನ ಬೆಳಿಗ್ಗೆ ಸ್ಟ್ರೆಚರಿನ ಮೇಲೆ ಮಲಗಿ ಅನಘಳ ಕೈ ಹಿಡಿದು, "ಇನ್ನಾದ್ರೂ ಕನ್ನಡದಲ್ಲಿ ಮಾತಾಡು" ಎಂದರು. ಅವಳು ಅಳುತ್ತ "ಶರಿ ಅಪ್ಪಾ, ಪೇಡಿಕ್ಕಂಡ" ಎಂದಳು. ಹೆದರಬೇಡಿ ಎಂದು, ಮಲಯಾಳದಲ್ಲೇ.

ಅಕ್ಟೋಬರ್ ಬಂತು. ಕತ್ತಿನ ರಂಧ್ರಕ್ಕೆ ಬಿಳಿ ಬಟ್ಟೆಯ ಪಟ್ಟಿ ಕಟ್ಟಿಕೊಂಡು ಮಾಧವ ಮನೆಯಲ್ಲಿದ್ದರು. ಹಾಳೆ ಎತ್ತಿದರೆ ಅಳಿಸಿಹೋಗುವ, ಮಕ್ಕಳ ಆಟದ ಸ್ಲೇಟು ತಂದುಕೊಟ್ಟಿದ್ದೆ. ಬೇಕಾದ್ದನ್ನು ಅದರಲ್ಲಿ ಬರೆಯುತ್ತಿದ್ದರು. ಶಾಜಿ ಹಣ್ಣು ಹಿಡಿದು ನೋಡಲು ಬಂದ. ಆಮೇಲೆ ವಿಷಯ ತೆಗೆದ. ಹತ್ತು ನಿಮಿಷ ಉಳಿದಿದೆ. ಚಿತ್ರವನ್ನೆಲ್ಲ ಬೇರೆಯವರ ದನಿಯಲ್ಲಿ ಹೊಸದಾಗಿ ಮಾಡಬಹುದು. ಇಲ್ಲದಿದ್ದರೆ ಚೇಟ್ಟನ ದನಿಯನ್ನೇ ಅನುಕರಿಸಬಲ್ಲ ಒಬ್ಬ ಮಿಮಿಕ್ರಿಯವನಿದ್ದಾನೆ, ಆ ಹತ್ತು ನಿಮಿಷ ಅವನು ಹೇಳಬಲ್ಲ. ನಾನು ಅವನನ್ನು ಹೊರಗೆ ಕಳಿಸಲು ಎದ್ದೆ. ಮಾಧವ ಸ್ಲೇಟು ಎತ್ತಿ ತೋರಿಸಿದರು. "ಅವನು ಬರಲಿ."

ಬಂದವನು ಬಷೀರ್. ಉಪ್ಪಳದವನು, ಐವತ್ತರ ಆಸುಪಾಸು, ಮದುವೆ ಮನೆಗಳಲ್ಲಿ ಮಿಮಿಕ್ರಿ ಮಾಡುವವನು, ಬಿಡುವಿನಲ್ಲಿ ಆಟೋಗೆ ಕಟ್ಟಿದ ಮೈಕಿನಲ್ಲಿ ಪ್ರಚಾರ ಮಾಡುವವನು. ಮಾಧವನ ಎದುರು ಕೂರಲು ಸಂಕೋಚಪಟ್ಟು ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತ. "ನಿಮ್ಮ ದನಿ ಕದೀಲಿಕ್ಕೆ ಬಂದವ ಅಂತ ತಿಳ್ಕೊಳ್ಬೇಡಿ ಅಣ್ಣಾ" ಎಂದ. ಮಾಧವ ನಕ್ಕರು. ನಗುವಿಗೂ ಶಬ್ದವಿರಲಿಲ್ಲ.

ಮೂರು ದಿನ ಪಾಠ ನಡೆಯಿತು. ಅವರ ಹಳೆಯ ಧ್ವನಿಮುದ್ರಣ ಹಾಕಿ, ಬಷೀರ್ ಹೇಳುತ್ತಿದ್ದ. ಮಾಧವ ಮೇಜಿನ ಮೇಲೆ ಬೆರಳಿನಿಂದ ಲಯ ತಟ್ಟಿ, ಎಲ್ಲಿ ನಿಲ್ಲಬೇಕು, ಎಲ್ಲಿ ಇಳಿಯಬೇಕು ಎಂದು ತೋರಿಸುತ್ತಿದ್ದರು. ತಪ್ಪಿದರೆ ತಲೆ ಅಲ್ಲಾಡಿಸಿ ಸ್ಲೇಟಿನಲ್ಲಿ ಬರೆಯುತ್ತಿದ್ದರು. "ಅವಸರ ಬೇಡ." "ನಗಿಸಲು ನೋಡಬೇಡ, ಸುದ್ದಿ ಹೇಳು." ಎರಡು ದಿನ ದನಿ ಹತ್ತಿರ ಬಂದು ಬಂದು ತಪ್ಪಿಹೋಯಿತು. ಮೂರನೇ ದಿನ ಮಧ್ಯಾಹ್ನ ಅಡುಗೆಮನೆಯಲ್ಲಿ ನಾನು ಬೆಂಡೆಕಾಯಿ ಹೆಚ್ಚುತ್ತಿದ್ದಾಗ ಮುಂದಿನ ಕೋಣೆಯಿಂದ "ತಗೊಳ್ಳಿ ಸ್ವಾಮೀ, ನಿಮ್ಮ ಕೆಲಸ ನಿಮಗೇ ಇರ್ಲಿ" ಎಂದು ಕೇಳಿತು. ಹೊರಗೆ ಬಂದು ನೋಡಿದರೆ ಮಾಧವ ಎದ್ದು ಬಷೀರನ ಕೈ ಕುಲುಕುತ್ತಿದ್ದರು. ಆಮೇಲೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು ಬಹಳ ಹೊತ್ತು ಬರಲಿಲ್ಲ.

ಹತ್ತು ನಿಮಿಷದ ಕೆಲಸ ಒಂದೇ ದಿನದಲ್ಲಿ ಮುಗಿಯಿತಂತೆ. ನಾನು ಹೋಗಲಿಲ್ಲ.

ನವೆಂಬರಿನಲ್ಲಿ ಒಂದು ಸಂಜೆ ಬಷೀರ್ ಊರಿಗೆ ಹೋಗುವ ಮುಂಚೆ ಹೇಳಿ ಹೋಗಲು ಬಂದ. ಕೋಳಿಕ್ಕೋಡಿನ ಹಲ್ವಾ ತಂದಿದ್ದ. ಅನಘ ಟ್ಯೂಷನ್ನಿಗೆ ಹೋಗಿದ್ದಳು. ಮಾಧವ ಮಲಗುವ ಕೋಣೆಯಲ್ಲಿದ್ದರು, ನಿದ್ದೆ ಬಂದಿರಬೇಕು ಎಂದುಕೊಂಡಿದ್ದೆ. ಅದೂ ಇದೂ ಮಾತಾಡುತ್ತ ಇದ್ದವಳು ಇದ್ದಕ್ಕಿದ್ದಂತೆ ಕೇಳಿಬಿಟ್ಟೆ.

"ಬಷೀರಣ್ಣಾ, ಒಂದು ಸಲ ಅವರ ದನಿಯಲ್ಲಿ ನನ್ನ ಹೆಸರು ಕರೀತೀರಾ?"

ಅವನ ಮುಖ ಇಳಿಯಿತು. "ಬೇಡ ಅಕ್ಕಾ. ಸಿನಿಮಾದ ಮಾತು ಬೇರೆ. ಇದು ಸರಿ ಆಗುದಿಲ್ಲ."

"ಒಂದೇ ಸಲ. ವಸೂ, ಚಾ ಆಯ್ತಾ ಅಂತ. ದಿನಾ ಸಂಜೆ ಅದನ್ನೇ ಕೇಳ್ತಿದ್ರು. ಇನ್ನು ಯಾವತ್ತೂ ಕೇಳೋದಿಲ್ಲ."

"ಅಕ್ಕಾ, ನಂಗೆ ಹೆದರಿಕೆ ಆಗ್ತದೆ."

ನಾನು ಬಿಡಲಿಲ್ಲ. ಕೈಮುಗಿದೆ. ಅವನು ಬಾಗಿಲ ಕಡೆ ನೋಡಿ, ಗಂಟಲು ಸರಿಮಾಡಿ, ಕಣ್ಣು ನೆಲಕ್ಕೆ ಹಾಕಿ ಹೇಳಿದ. "ವಸೂ, ಚಾ ಆಯ್ತಾ?"

ನಾನು ಕಣ್ಣು ಮುಚ್ಚಿಕೊಂಡಿದ್ದೆ. ಇಪ್ಪತ್ತೆರಡು ವರ್ಷ ಹೇಳಿದ ಉತ್ತರ ಬಾಯಿಗೆ ತಾನಾಗಿಯೇ ಬಂತು. "ಆಯ್ತು, ತರ್ತೀನಿ. ಕೂತ್ಕೊಳ್ಳಿ."

ಕಣ್ಣು ತೆರೆದಾಗ ಅಡುಗೆಮನೆಯ ಬಾಗಿಲಲ್ಲಿ ಮಾಧವ ನಿಂತಿದ್ದರು. ನಿದ್ದೆ ಮಾಡಿರಲಿಲ್ಲ. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಮೂರು ಲೋಟ ಚಹಾ. ಅತಿಥಿ ಬಂದ ಸದ್ದು ಕೇಳಿ ಕೋಣೆಯ ಹಿಂದಿನ ಬಾಗಿಲಿಂದ ಅಡುಗೆಮನೆಗೆ ಹೋಗಿ ತಾವೇ ಮಾಡಿಕೊಂಡು ಬಂದಿದ್ದರು. ಬಷೀರ್ ಸ್ಟೂಲಿನಿಂದ ಎದ್ದುಬಿಟ್ಟ. ಮಾಧವ ತಟ್ಟೆಯನ್ನು ಮೇಜಿನ ಮೇಲಿಟ್ಟು, ಮೊದಲ ಲೋಟ ಅವನಿಗೆ ಕೊಟ್ಟು, ಎರಡನೆಯದನ್ನು ನನ್ನ ಮುಂದೆ ಇಟ್ಟರು. ಮೂರನೆಯದನ್ನು ತೆಗೆದುಕೊಂಡು ಬಾಲ್ಕನಿಗೆ ಹೋದರು. ಬಷೀರ್ ಚಹಾ ಕುಡಿಯದೆ ಹೊರಟುಹೋದ. ಮೆಟ್ಟಿಲಿಳಿಯುವಾಗ ಅಳುತ್ತಿದ್ದ.

ಡಿಸೆಂಬರಿನಲ್ಲಿ ಮಾಧವನಿಗೆ ಯಂತ್ರ ಬಂತು. ಟಾರ್ಚಿನಷ್ಟು ಉದ್ದ, ಕತ್ತಿಗೆ ಒತ್ತಿ ಹಿಡಿದು ತುಟಿ ಆಡಿಸಿದರೆ ಒಂದೇ ಶ್ರುತಿಯ, ದುಂಬಿ ಗುಂಯ್ಗುಡುವಂಥ ದನಿ ಬರುತ್ತದೆ. ಆಸ್ಪತ್ರೆಯ ತರಬೇತಿಗೆ ಒಬ್ಬರೇ ಹೋಗಿ ಕಲಿತರು. ನಿಧಾನಕ್ಕೆ ಹಿಡಿತಕ್ಕೆ ಬಂತು. ಲತಾಚೇಚ್ಚಿಯ ಜೊತೆ ಮಾತಾಡಿದರು, ಹಾಲಿನಂಗಡಿಯವನ ಜೊತೆ, ನೋಡಲು ಬಂದ ಕಾರ್ಖಾನೆಯ ಗೆಳೆಯರ ಜೊತೆ. ಅನಘಳ ಜೊತೆಯೂ ಮಾತಾಡಿದರು, ಮಲಯಾಳದಲ್ಲಿ. ಕನ್ನಡದ ಹಟ ಬಿಟ್ಟಿದ್ದರು. ಯಂತ್ರದಲ್ಲಿ ಆ ಹಟ ಹಿಡಿಯಲು ಬರುವುದಿಲ್ಲವೋ, ಬೇಡವಾಯಿತೋ ನನಗೆ ತಿಳಿಯದು. ಇನ್ನೊಮ್ಮೆ ಎಂಬ ಪದವನ್ನು ಅವಳ ಬಾಯಲ್ಲಿ ನಾನು ಮತ್ತೆ ಕೇಳಿಲ್ಲ.

ನನ್ನೊಡನೆ ಮಾತ್ರ ಸ್ಲೇಟು. ನಾನು ಕೋಣೆಗೆ ಬಂದರೆ ಯಂತ್ರವನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಿದ್ದರು. ಉಪ್ಪು ಕಡಿಮೆ, ಗ್ಯಾಸ್ ಬುಕ್ ಮಾಡು, ಎಲ್ಲ ಬರಹದಲ್ಲೇ. ಒಂದು ತಿಂಗಳು ಸಹಿಸಿದೆ. ಜನವರಿಯ ಒಂದು ಬೆಳಿಗ್ಗೆ ಎದುರು ಕೂತು ಕೇಳಿದೆ. "ಊರಿನವರಿಗೆಲ್ಲ ಮಾತಾಡ್ತೀರಿ. ನನ್ನ ಹತ್ತಿರ ಒಂದು ಮಾತಾಡಿ. ಹೇಗಿದ್ರೂ ಪರವಾಗಿಲ್ಲ, ನನಗೆ ಅದೇ ಸಾಕು."

ಅವರು ಸ್ಲೇಟು ತೆಗೆದುಕೊಂಡು ಬರೆದರು. "ನಿನಗೆ ಬೇಕಾದ ದನಿ ನನ್ನ ಹತ್ತಿರ ಇಲ್ಲ."

ಸಿಟ್ಟಿನ ಅಕ್ಷರಗಳಾಗಿರಲಿಲ್ಲ. ಬ್ಯಾಂಕಿನ ಅರ್ಜಿ ತುಂಬುವಾಗ ಬರೆಯುವಂಥ ಗುಂಡನೆಯ, ಸ್ಪಷ್ಟವಾದ ಅಕ್ಷರ.

ಚಿತ್ರ ಮಂಗಳೂರು, ಪುತ್ತೂರಿನ ಕಡೆ ಒಂದಷ್ಟು ದಿನ ಓಡಿ, ಏಪ್ರಿಲ್‌ನಲ್ಲಿ ಟಿವಿಗೆ ಬಂತು. ಭಾನುವಾರ ಮಧ್ಯಾಹ್ನ. ನಾವು ಮೂವರು, ಲತಾಚೇಚ್ಚಿ, ಒಂದು ತಟ್ಟೆ ಬಾಳೆಕಾಯಿ ಚಿಪ್ಸು. ಹೆಸರುಗಳು ಓಡಿದವು. ನನ್ನ ಹೆಸರು ಸರಿಯಾಗಿ ಬಂತು, ಮಾಧವನದೂ ಬಂತು. ಬಷೀರನದು ಇರಲಿಲ್ಲ. ನನ್ನ ಹೆಸರು ಪರದೆಯ ಮೇಲೆ ಒಂದು ಉಸಿರಿನಷ್ಟು ಹೊತ್ತು ಇತ್ತು. ಅನಘ ಚಪ್ಪಾಳೆ ತಟ್ಟುವಷ್ಟರಲ್ಲಿ ಹೋಯಿತು.

ಆಮೇಲೆ ಮನೆಯಲ್ಲಿ ಅವರ ದನಿ ತುಂಬಿಕೊಂಡಿತು. ಎರಡು ಗಂಟೆ. ಕನ್ನಡ ಬಾರದ ಲತಾಚೇಚ್ಚಿಯೂ ಬಿದ್ದು ಬಿದ್ದು ನಕ್ಕಳು. ಮಾಧವ ಮೊಣಕೈಯನ್ನು ಮಂಡಿಗೆ ಊರಿ, ಬೇರೆ ಯಾರದೋ ಕೆಲಸ ತಪಾಸಣೆ ಮಾಡುವವರಂತೆ ಕಣ್ಣು ಕೀಳದೆ ಪರದೆಯನ್ನೇ ನೋಡಿದರು. ಮಳೆಯ ಮಾತು ಬಂದಾಗ ಮಾತ್ರ ತುಟಿ ಅಲ್ಲಾಡಿತು.

ಕೊನೆಯ ದೃಶ್ಯ ಬಂತು. ಸುಗುಣನ್ ಲಿಫ್ಟಿನೊಳಗೆ ಹೋಗಿ ಬಾಗಿಲು ಎಳೆದ. "ತಗೊಳ್ಳಿ ಸ್ವಾಮೀ" ಎಂದ. ಬಷೀರನ ದನಿ. ಎಲ್ಲಿ ಸೇರಿಸಿದ್ದಾರೆಂದು ಯಾರಿಗೂ ತಿಳಿಯುವಂತಿರಲಿಲ್ಲ. ನಾನು ಸ್ವಲ್ಪ ಮುಂದೆ ಬಾಗಿದೆ, ಅಷ್ಟೇ. ಏನೋ ಅನಿಸಿ ಪಕ್ಕಕ್ಕೆ ನೋಡಿದರೆ ಮಾಧವ ಟಿವಿ ನೋಡುತ್ತಿರಲಿಲ್ಲ. ನನ್ನ ಮುಖ ನೋಡುತ್ತಿದ್ದರು.

ಆ ಹತ್ತು ನಿಮಿಷ ಅವರು ಕಣ್ಣು ತೆಗೆಯಲಿಲ್ಲ. ನನ್ನ ಮುಖವನ್ನು ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ. ನಕ್ಕರೂ ತಪ್ಪು, ಅತ್ತರೂ ತಪ್ಪು. ನಾನೇ ಹನ್ನೊಂದು ಸಲ ತಿದ್ದಿ ಬರೆದ ಮಾತುಗಳು ಒಂದೊಂದಾಗಿ, ನಾನು ಬಯಸಿದ ದನಿಯಲ್ಲಿಯೇ ಬರುತ್ತಿದ್ದವು. ಕೈಗಳನ್ನು ತೊಡೆಯ ಮೇಲೆ ಗಟ್ಟಿಯಾಗಿ ಒತ್ತಿಕೊಂಡು, ಕೌಂಟರಿನಲ್ಲಿ ಕೂತವಳಂತೆ ಕೂತೆ.

ಚಿತ್ರ ಮುಗಿಯಿತು. ಲತಾಚೇಚ್ಚಿ ಕಣ್ಣೊರೆಸಿಕೊಂಡು ಮಾಧವನ ಕೈ ಹಿಡಿದು, ಕೊನೆಯದೇ ಎಲ್ಲಕ್ಕಿಂತ ಚೆನ್ನಾಗಿತ್ತು ಎಂದಳು. ಅವರು ಯಂತ್ರವನ್ನು ಕತ್ತಿಗೆ ಒತ್ತಿ ಮಲಯಾಳದಲ್ಲಿ ಅವಳಿಗೆ ಧನ್ಯವಾದ ಹೇಳಿದರು. ಅವಳು ಹೋದ ಮೇಲೆ, ಅನಘ ತಟ್ಟೆ ಒಳಗಿಡಲು ಎದ್ದ ಮೇಲೆ, ಸ್ಲೇಟನ್ನು ನನ್ನ ಕಡೆ ತಿರುಗಿಸಿದರು. "ಹೇಗಿತ್ತು, ಕೊನೆಯದು?"

"ನಿಮ್ಮಷ್ಟು ಚೆನ್ನಾಗಿಲ್ಲ" ಎಂದೆ.

ಅವರು ತಲೆಯಾಡಿಸಿದರು. ನಂಬಿದರೋ ಇಲ್ಲವೋ ಗೊತ್ತಾಗಲಿಲ್ಲ. ಹಾಳೆಯನ್ನು ಎತ್ತಿ ಅಕ್ಷರ ಅಳಿಸಿ, ಸ್ಲೇಟನ್ನು ಟಿವಿಯ ಪಕ್ಕದಲ್ಲಿಟ್ಟು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಿಂದ ಯಂತ್ರದ ಗುಂಯ್ ಕೇಳಿತು, ಅದಕ್ಕೆ ಮಗಳು ನಕ್ಕದ್ದೂ ಕೇಳಿತು. ನಾನು ಮುಂದಿನ ಕೋಣೆಯಲ್ಲೇ ಕೂತಿದ್ದೆ. ಎದ್ದು ಅಲ್ಲಿಗೆ ಹೋದರೆ ಆ ಮಾತು ನಿಲ್ಲುತ್ತದೆಂದು ಗೊತ್ತಿತ್ತು. ಅದಕ್ಕೇ ಹೋಗಲಿಲ್ಲ.